ಚೀನಾ ಊಟ, ರಕ್ತದ ಸಕ್ಕರೆ: ಫಾನ್ ಎಣಿಸಿದರೆ ಸಾಲದು, ತ್ಸಾಯ್ ಕೂಡ ಎಣಿಸಬೇಕು

ಚೀನಾದ ಊಟದಲ್ಲಿ ಎರಡು ಪಾಲು. ಒಂದು ಫಾನ್: ಅನ್ನ, ನೂಡಲ್ಸ್, ಹಬೆಯಲ್ಲಿ ಬೆಂದ ಗೋಧಿ ಹಿಟ್ಟಿನ ಬನ್ನು ಮಾಂತೌ, ಹೀಗೆ ಹೊಟ್ಟೆ ತುಂಬಿಸುವಂಥದ್ದು. ಇನ್ನೊಂದು ತ್ಸಾಯ್: ಸೊಪ್ಪು, ತರಕಾರಿ, ಮೀನು, ಮಾಂಸ, ತೋಫು, ಅಂದರೆ ಫಾನ್ ಜೊತೆ ನಂಚಿಕೊಳ್ಳುವಂಥದ್ದು. ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನವೇ ಬಟ್ಟಲಿನ ಅನ್ನ ಅರ್ಧಕ್ಕೆ ಇಳಿಯುತ್ತದೆ. ಜೊತೆಗೆ ಆಲೂಗಡ್ಡೆ ಎಳೆಗಳ ಪಲ್ಯ, ಸಿಹಿಹುಳಿ ಹಂದಿಮಾಂಸ, ತಾವರೆ ಗೆಡ್ಡೆಯ ಸೂಪು ಮಾತ್ರ ಎಂದಿನಂತೆಯೇ ಇರುತ್ತವೆ. ಎರಡು ಗಂಟೆ ಬಿಟ್ಟು ಮೀಟರ್ ನೋಡಿದರೆ 12. ಅನ್ನ ಇಷ್ಟೇ ಇಷ್ಟು ತಿಂದೆನಲ್ಲ, ಇದೆಲ್ಲಿಂದ ಬಂತು ಎಂಬ ಗೊಂದಲ. ಬಂದದ್ದು ತ್ಸಾಯ್‌ನಿಂದ.

ಆ 12 ಎಂಬುದು ಮಿಲಿಮೋಲ್ ಪ್ರತಿ ಲೀಟರಿನ (mmol/L) ಲೆಕ್ಕ. ಚೀನಾದಲ್ಲಿ ಮೀಟರ್‌ಗಳೂ ಲ್ಯಾಬ್ ವರದಿಗಳೂ ಈ ಅಳತೆಯಲ್ಲೇ ಇರುತ್ತವೆ. 18ರಿಂದ ಗುಣಿಸಿದರೆ ಮಿಲಿಗ್ರಾಂ ಪ್ರತಿ ಡೆಸಿಲೀಟರ್ ಸಿಗುತ್ತದೆ: 12 ಅಂದರೆ 216. ಟೈಪ್ 2 ಮಧುಮೇಹ ಇರುವ ಬಹುತೇಕ ವಯಸ್ಕರಿಗೆ ಚೀನಾದ ಮಾರ್ಗಸೂಚಿ ಇಟ್ಟಿರುವ ಗುರಿ ಖಾಲಿ ಹೊಟ್ಟೆಯಲ್ಲಿ 4.4ರಿಂದ 7.0, ಉಳಿದ ಹೊತ್ತಿನಲ್ಲಿ 10.0ಕ್ಕಿಂತ ಕಡಿಮೆ. ವಯಸ್ಸು, ಔಷಧಿ, ಬೇರೆ ಕಾಯಿಲೆ ನೋಡಿ ನಿಮ್ಮ ವೈದ್ಯರು ಬೇರೆ ಗುರಿ ಕೊಟ್ಟಿದ್ದರೆ ಅದೇ ನಿಮ್ಮ ಗುರಿ.

ಅನ್ನ, ನೂಡಲ್ಸ್ ಪೂರ್ತಿ ಬಿಡಬೇಕಾಗಿಲ್ಲ. 1986ರಲ್ಲಿ ಹೇಲೊಂಗ್‌ಜಿಯಾಂಗ್ ಪ್ರಾಂತ್ಯದ ದಾಚಿಂಗ್‌ನಲ್ಲಿ ಒಂದು ಅಧ್ಯಯನ ಶುರುವಾಯಿತು. 33 ಚಿಕಿತ್ಸಾಲಯಗಳಿಂದ ಆಯ್ದ, ಮಧುಮೇಹದ ಹೊಸ್ತಿಲಲ್ಲಿದ್ದ 577 ಜನರ ಮೇಲೆ ನಡೆದದ್ದು. ಆರು ವರ್ಷ ಕಳೆಯುವಷ್ಟರಲ್ಲಿ ಏನೂ ಬದಲಾಯಿಸದವರಲ್ಲಿ ಶೇ. 67.7 ಮಂದಿಗೆ ಮಧುಮೇಹ ಬಂದಿತ್ತು. ಆಹಾರ ಬದಲಾಯಿಸಿದವರಲ್ಲಿ ಶೇ. 43.8, ವ್ಯಾಯಾಮ ಮಾಡಿದವರಲ್ಲಿ ಶೇ. 41.1. ಆ ಆಹಾರದಲ್ಲಿಯೂ ಅರ್ಧಕ್ಕಿಂತ ಹೆಚ್ಚು ಶಕ್ತಿ ಕಾರ್ಬೊಹೈಡ್ರೇಟ್‌ನಿಂದಲೇ ಬರುತ್ತಿತ್ತು. ಹೆಚ್ಚಿಸಿದ್ದು ತರಕಾರಿ, ಕಡಿಮೆ ಮಾಡಿದ್ದು ಸಕ್ಕರೆ ಮತ್ತು ಮದ್ಯ.

ಲಿಯಾಂಗ್ ಲೆಕ್ಕ

ಚೀನಾದ ರೋಗಿಗಳು ಫಾನ್ ಅಳೆಯುವುದು ಲಿಯಾಂಗ್‌ನಲ್ಲಿ. ಒಂದು ಲಿಯಾಂಗ್ ಅಂದರೆ 50 ಗ್ರಾಂ, ಹತ್ತು ಲಿಯಾಂಗ್ ಸೇರಿದರೆ ಒಂದು ಜಿನ್. ಈ ಲೆಕ್ಕ ಹಸಿ ಧಾನ್ಯದ್ದು, ಬೆಂದದ್ದರದಲ್ಲ. ಎಡವುವುದು ಇಲ್ಲೇ. ಒಂದು ಲಿಯಾಂಗ್ ಅಕ್ಕಿ ಬೆಂದರೆ 140ರಿಂದ 150 ಗ್ರಾಂ ಅನ್ನವಾಗುತ್ತದೆ, ಅದರಲ್ಲಿ 39 ಗ್ರಾಂ ಆಸುಪಾಸು ಕಾರ್ಬ್ (ಕಾರ್ಬೊಹೈಡ್ರೇಟ್) ಇರುತ್ತದೆ. "ಊಟಕ್ಕೆ ಒಂದು ಲಿಯಾಂಗ್" ಎಂದು ವೈದ್ಯರು ಹೇಳಿದ್ದನ್ನು ಬೆಂದ ಅನ್ನ ಎಂದುಕೊಂಡು 50 ಗ್ರಾಂ ಮಾತ್ರ ತಿಂದವರು ಸಂಜೆಗೆ ಸಕ್ಕರೆ ಇಳಿದು ನಡುಗಬಹುದು. ಎರಡು ಲಿಯಾಂಗ್ ಮಾಂತೌ ಎಂದು ಕೊಂಡು ತಂದವರದು ತದ್ವಿರುದ್ಧ ಗೊಂದಲ: ಅಲ್ಲಿ ತೂಕ ಹಿಟ್ಟಿನದೋ ಬೆಂದ ಮಾಂತೌವಿನದೋ ಕೇಳಿಯೇ ತಿಳಿಯಬೇಕು. ಬೆಂದ ಮಾಂತೌ 100 ಗ್ರಾಂ ಇದ್ದರೆ 45ರಿಂದ 50 ಗ್ರಾಂ ಕಾರ್ಬ್. ಅದೇ ತೂಕದ ಅನ್ನದಲ್ಲಿ 26ರಿಂದ 28. ಮಾಂತೌವಿನಲ್ಲಿ ನೀರು ಕಡಿಮೆ, ಅದಕ್ಕೇ ಮುಷ್ಟಿಯಷ್ಟಿದ್ದರೂ ಭಾರ.

ಕೆಲವು ವಾರ ಅಡುಗೆಮನೆಯ ತಕ್ಕಡಿ ಹೊರಗೆ ಇರಲಿ. ನೀವು ದಿನವೂ ತಿನ್ನುವ ಬಟ್ಟಲಿಗೆ ಎಷ್ಟು ಗ್ರಾಂ ಅನ್ನ ಹಿಡಿಯುತ್ತದೆ ಎಂದು ಒಮ್ಮೆ ಗೊತ್ತಾದರೆ ಸಾಕು, ಆಮೇಲೆ ಕಣ್ಣಂದಾಜು ನಡೆಯುತ್ತದೆ. ಬೆಂದ ಗೋಧಿ ನೂಡಲ್ಸ್ 100 ಗ್ರಾಂಗೆ ಸುಮಾರು 25 ಗ್ರಾಂ ಕಾರ್ಬ್. ಅಂಗಡಿಯ ಒಂದು ಬಟ್ಟಲಿನಲ್ಲಿ 250ರಿಂದ 300 ಗ್ರಾಂ ನೂಡಲ್ಸ್ ಇರುವುದುಂಟು, ಅಂದರೆ 62ರಿಂದ 75 ಗ್ರಾಂ ಕಾರ್ಬ್. ಹೂರಣ ತುಂಬಿದ ಕಡುಬಿನಂಥ ಜಿಯಾವೊಜಿ ಒಂದಕ್ಕೆ ಸುಮಾರು 5 ಗ್ರಾಂ. ಹತ್ತು ತಿಂದರೆ ಒಂದು ಬಟ್ಟಲು ಅನ್ನಕ್ಕಿಂತ ಹೆಚ್ಚೇ ಆಯಿತು. ಅದರ ಜೊತೆ ಮತ್ತೆ ಅನ್ನ ಬೇಡ.

ಇನ್ನು ತ್ಸಾಯ್. ಚೀನಾದ ಆಹಾರ ವಿನಿಮಯ ಪಟ್ಟಿಯಲ್ಲಿ 90 ಕಿಲೊಕ್ಯಾಲರಿಗೆ ಒಂದು ಪಾಲು. ಹಸಿ ಅಕ್ಕಿ ಅಥವಾ ಹಿಟ್ಟು 25 ಗ್ರಾಂ ಒಂದು ಪಾಲಾದರೆ, ಆಲೂಗಡ್ಡೆ 100 ಗ್ರಾಂ, ಕೆಸುವಿನ ಗೆಡ್ಡೆ 100 ಗ್ರಾಂ, ತಾವರೆ ಗೆಡ್ಡೆ 150 ಗ್ರಾಂ, ಶಾನ್‌ಯಾವ್ ಎಂಬ ಉದ್ದ ಗೆಡ್ಡೆ 150 ಗ್ರಾಂ, ವಾಟರ್ ಚೆಸ್ಟ್‌ನಟ್ 150 ಗ್ರಾಂ ಒಂದೊಂದು ಪಾಲು. ಎಲೆಕೋಸು, ಸೊಪ್ಪುಗಳಾದರೆ 500 ಗ್ರಾಂ! ಈ ಅಂತರವನ್ನೇ ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಮೇಜಿನ ಮೇಲೆ ಎಲ್ಲವೂ ತರಕಾರಿಯಂತೆ ಕಾಣುತ್ತವೆ, ರಕ್ತಕ್ಕೆ ಹಾಗೆ ಕಾಣುವುದಿಲ್ಲ. ಗೆಡ್ಡೆಯ ತ್ಸಾಯ್ ಇದ್ದ ದಿನ ಫಾನ್ ಅಷ್ಟು ಕಡಿಮೆ, ಅಷ್ಟೇ ಲೆಕ್ಕ. ವಿನೆಗರ್ ಹಾಕಿದ ಆಲೂಗಡ್ಡೆ ಎಳೆಗಳ ಪಲ್ಯಕ್ಕೆ 300 ಗ್ರಾಂ ಆಲೂಗಡ್ಡೆ ಬಿದ್ದಿದ್ದರೆ ಇಡೀ ತಟ್ಟೆಯಲ್ಲಿ 50 ಗ್ರಾಂ ಕಾರ್ಬ್. ಮೂವರು ಹಂಚಿಕೊಂಡರೆ ತಲೆಗೆ 17 ಗ್ರಾಂ, ಅಂದರೆ ಸುಮಾರು 60 ಗ್ರಾಂ ಅನ್ನ ಬಟ್ಟಲಿನಿಂದ ತೆಗೆಯಬೇಕು.

ಹೆಸರುಕಾಳಿನ ಪಿಷ್ಟದಿಂದ ಮಾಡುವ ಫೆನ್‌ಸಿ, ಆ ಗಾಜಿನಂಥ ಎಳೆ, ಒಂದು ವಿಚಿತ್ರ ವಸ್ತು. ಒಣಗಿದ 100 ಗ್ರಾಂನಲ್ಲಿ 85 ಗ್ರಾಂ ಕಾರ್ಬ್, ಬಹುತೇಕ ಶುದ್ಧ ಪಿಷ್ಟ. ಆದರೆ ಅಮೈಲೋಸ್ ಎಂಬ ನೇರ ಎಳೆಯ ಪಿಷ್ಟ ಹೆಚ್ಚಿರುವುದರಿಂದ ಅನ್ನಕ್ಕಿಂತ ನಿಧಾನವಾಗಿ ಜೀರ್ಣವಾಗುತ್ತದೆ. ಅನ್ನದ ಬದಲು ತಿಂದರೆ ಒಳ್ಳೆಯ ಆಯ್ಕೆ. ಕೊಚ್ಚಿದ ಮಾಂಸದ ಜೊತೆ ಹುರಿದು ಅನ್ನದ ಮೇಲೆ ಸುರಿದುಕೊಂಡರೆ ಪಿಷ್ಟಕ್ಕೆ ಪಿಷ್ಟವನ್ನೇ ನಂಚಿಕೊಂಡ ಹಾಗೆ. ಸಿಹಿಗೆಣಸಿನ, ಆಲೂಗಡ್ಡೆಯ ದಪ್ಪ ಎಳೆಗಳಿಗೆ ಈ ರಿಯಾಯಿತಿ ಇಲ್ಲ, ಪೊಟ್ಟಣದ ಹಿಂದಿನ ಪದಾರ್ಥಗಳ ಸಾಲು ಓದಿ ಕೊಳ್ಳಿ. ಶಾನ್ಶಿ ಕಡೆಯ ಲಿಯಾಂಗ್‌ಪಿ ಎಂಬ ಹಾಳೆ ನೂಡಲ್ಸ್ ಬಗ್ಗೆ ಇನ್ನೂ ಜಾಗ್ರತೆ ಬೇಕು: ಗೋಧಿ ಹಿಟ್ಟಿನ ಕಣಕವನ್ನು ನೀರಿನಲ್ಲಿ ತೊಳೆದು ಗ್ಲುಟೆನ್ ಬೇರೆ ಮಾಡಿ, ಉಳಿದ ಪಿಷ್ಟದ ನೀರಿನಿಂದ ಹಾಳೆ ಮಾಡುತ್ತಾರೆ. ಪ್ರೋಟೀನ್ ಇರುವುದು ಪಕ್ಕದಲ್ಲಿ ನಾಲ್ಕೇ ತುಂಡು ಹಾಕುವ ಸ್ಪಂಜಿನಂಥ ಗ್ಲುಟೆನ್‌ನಲ್ಲಿ. ಹಾಳೆ ಅರ್ಧ, ಗ್ಲುಟೆನ್ ಎರಡರಷ್ಟು, ಸೌತೆಕಾಯಿ ಜಾಸ್ತಿ ಎಂದು ಕೇಳಿ ಮಾಡಿಸಿಕೊಳ್ಳಬಹುದು.

ಬೆಳಗಿನ ಗಂಜಿ

ದಿನದ ಅತ್ಯಂತ ಕಷ್ಟದ ಊಟ ಬೆಳಗಿನದು. ಬೆಳಗಿನ ಜಾವ ಏರುವ ಹಾರ್ಮೋನುಗಳಿಂದ ಇನ್ಸುಲಿನ್ ಆಗ ಸರಿಯಾಗಿ ಕೆಲಸ ಮಾಡುವುದಿಲ್ಲ. ಆ ಹೊತ್ತಿಗೇ ಮೇಜಿನ ಮೇಲೆ ಬಿಳಿ ಅಕ್ಕಿ ಗಂಜಿ, ಮಾಂತೌ, ಒಂದು ಚಿಟಿಕೆ ಉಪ್ಪಿನ ತರಕಾರಿ. ಗಂಜಿ ನೀರಾಗಿದೆ, ಹಗುರ ಎಂಬ ನಂಬಿಕೆ. ಒಂದು ಗಂಟೆ ಕುದಿದ ಅಕ್ಕಿಯ ಪಿಷ್ಟದ ಕಣಗಳು ಒಡೆದು ಲೋಳೆಯಾಗಿರುತ್ತವೆ. ಅಗಿಯುವ ಕೆಲಸವಿಲ್ಲ, ಹೊಟ್ಟೆಯಲ್ಲಿ ನಿಲ್ಲುವುದಿಲ್ಲ, ಕಿಣ್ವಗಳಿಗೆ ಎಲ್ಲವೂ ಸಿದ್ಧ. ಅಷ್ಟೇ ಅಕ್ಕಿಯನ್ನು ಉದುರುದುರಾಗಿ ಬೇಯಿಸಿ ತಿಂದದ್ದಕ್ಕಿಂತ ಗಂಜಿ ಬೇಗ ಸಕ್ಕರೆ ಏರಿಸುತ್ತದೆ. ಉತ್ತರದ ಕಡೆ ಗಂಜಿ ಬೇಗ ನುಣ್ಣಗಾಗಲಿ ಎಂದು ಕ್ಷಾರ ಹಾಕುವ ರೂಢಿಯಿದೆ. ಅದು ಪಿಷ್ಟವನ್ನು ಇನ್ನಷ್ಟು ಮೆತ್ತಗೆ ಮಾಡುತ್ತದೆ, ಬಿ ಗುಂಪಿನ ವಿಟಮಿನ್‌ಗಳನ್ನೂ ಹಾಳುಮಾಡುತ್ತದೆ. ಕ್ಷಾರ ಬೇಡವೇ ಬೇಡ. ನವಣೆ ಗಂಜಿಯಾದರೂ ಅಷ್ಟೆ, ಹಳದಿ ಬಣ್ಣ ನೋಡಿ ಮೋಸ ಹೋಗಬೇಡಿ.

ಗಂಜಿಯಿಲ್ಲದೆ ಬೆಳಗಾಗದು ಎನ್ನುವವರಿಗೆ ದಾರಿ ಇದೆ. ಒಬ್ಬರಿಗೆ ಒಟ್ಟು 30 ಗ್ರಾಂ ಒಣ ಪದಾರ್ಥ ಸಾಕು: 10 ಗ್ರಾಂ ಕೆಂಪಕ್ಕಿ, 10 ಗ್ರಾಂ ಇಡೀ ಓಟ್ಸ್ ಕಾಳು (ಅವಲಕ್ಕಿಯಂತೆ ಚಪ್ಪಟೆ ಮಾಡಿದ್ದಲ್ಲ), 10 ಗ್ರಾಂ ಹೆಸರುಕಾಳು ಅಥವಾ ಅಡ್ಜುಕಿ ಎಂಬ ಸಣ್ಣ ಕೆಂಪು ಕಾಳು. ರಾತ್ರಿ ನೆನೆಹಾಕಿ, ಬೆಳಿಗ್ಗೆ 300 ಮಿಲಿ ನೀರಿನಲ್ಲಿ ಕಾಳು ಬೆಂದು ಆಕಾರ ಉಳಿದಿರುವಾಗಲೇ ಇಳಿಸಿ. ಚಮಚ ನಿಲ್ಲಿಸಿದರೆ ಕಾಳುಗಳು ಬೇರೆ ಬೇರೆಯಾಗಿ ಕಾಣಬೇಕು. ಜೊತೆಗೆ ಒಂದು ಮೊಟ್ಟೆ, 50 ಗ್ರಾಂ ಒತ್ತಿದ ತೋಫು, ಬೇಯಿಸಿದ ಸೊಪ್ಪು. ಮೊದಲು ಅವನ್ನು ತಿಂದು ಗಂಜಿ ಕೊನೆಗೆ. ಎಂಟು ಬಗೆ ಸೇರಿಸಿದ ಬಾಬಾವ್ ಗಂಜಿ ಬಹುಧಾನ್ಯದ್ದಾದರೂ ಅದರಲ್ಲಿ ಅಂಟಕ್ಕಿ, ಒಣ ಎಲಚಿಹಣ್ಣು, ಸಕ್ಕರೆ ಮೂರೂ ಇರುತ್ತವೆ. ಡಬ್ಬಿಯದ್ದಂತೂ ಪಾನೀಯದಂತೆ ಸಿಹಿ.

ಬೀದಿಯ ಬೆಳಗಿನ ತಿಂಡಿಯಲ್ಲಿ ಒಳ್ಳೆಯದು ಸಕ್ಕರೆ ಹಾಕದ ದೌಜಿಯಾಂಗ್, ಅಂದರೆ ಸೋಯಾ ಹಾಲು. ಸಪ್ಪೆಯದೇ ಬೇಕೆಂದು ಬಾಯಿಬಿಟ್ಟು ಕೇಳಬೇಕು, ಇಲ್ಲದಿದ್ದರೆ ಸಿಹಿಯದೇ ಬರಬಹುದು. ಅದರ ಜೊತೆಗಾರ ಯೋತಿಯಾವೊ, ಕರಿದ ಹಿಟ್ಟಿನ ಕೋಲು, ಎರಡು ಸಲ ಕಾಡುತ್ತದೆ: ಹಿಟ್ಟಿನ ಕಾರ್ಬ್ ಒಂದು ಕಡೆ, ಎಣ್ಣೆಯಿಂದಾಗಿ ಜೀರ್ಣ ತಡವಾಗಿ ಮಧ್ಯಾಹ್ನದ ಊಟದ ತನಕ ಇಳಿಯದ ಸಕ್ಕರೆ ಇನ್ನೊಂದು ಕಡೆ.

ಬಾಣಲೆಯೊಳಗಿನ ಪಿಷ್ಟ, ಸಕ್ಕರೆ

ಕಾರ್ನ್‌ಫ್ಲೋರ್ ನೀರು ಹಾಕಿ ರಸ ಗಟ್ಟಿ ಮಾಡುವುದಕ್ಕೆ ಗೋಚಿಯೆನ್ ಎನ್ನುತ್ತಾರೆ. ಒಂದು ಟೇಬಲ್ ಚಮಚ ಕಾರ್ನ್‌ಫ್ಲೋರ್ 8 ಗ್ರಾಂ, ಅದರಲ್ಲಿ 7 ಗ್ರಾಂ ಕಾರ್ಬ್. ಮೂವರ ತ್ಸಾಯ್‌ಗೆ ಒಂದು ಟೀ ಚಮಚ ಸಾಕು. ಹೆಚ್ಚು ಬೀಳುವುದಕ್ಕೆ ಕಾರಣ ರುಚಿಯಲ್ಲ, ತಪ್ಪು ಹೊತ್ತು. ಬೇಗ ಹಾಕಿ ಕುದಿಸುತ್ತಲೇ ಇದ್ದರೆ ಗಟ್ಟಿಯಾದ ರಸ ಮತ್ತೆ ನೀರಾಗುತ್ತದೆ, ಆಗ ಇನ್ನೊಂದು ಚಮಚ ಬೀಳುತ್ತದೆ. ತಣ್ಣೀರಿನಲ್ಲಿ ಒಂದಕ್ಕೆ ಮೂರರಷ್ಟು ಕಲಸಿಟ್ಟು, ಕೊನೆಯಲ್ಲಿ, ರಸ ಕುದಿಯುತ್ತಿರುವಾಗ, ಎರಡು ಸಲವಾಗಿ ಸುರಿದು ಅರ್ಧ ನಿಮಿಷಕ್ಕೆ ಇಳಿಸಿ. ಮಾಂಸ ಮೃದುವಾಗಲು ಸವರುವ ಪಿಷ್ಟದ ಬಗ್ಗೆ ಚಿಂತೆ ಬೇಡ: 200 ಗ್ರಾಂ ಮಾಂಸಕ್ಕೆ ಒಂದು ಟೀ ಚಮಚ, 3 ಗ್ರಾಂ ಮೀರುವುದಿಲ್ಲ.

ಚಿಂತೆ ಮಾಡಬೇಕಾದದ್ದು ಹಿಟ್ಟಿನಲ್ಲಿ ಅದ್ದಿ ಕರಿದು ಸಿಹಿಹುಳಿ ರಸದಲ್ಲಿ ಹೊರಳಿಸುವ ಬಗೆಗಳಿಗೆ. 300 ಗ್ರಾಂ ಮಾಂಸಕ್ಕೆ 60ರಿಂದ 80 ಗ್ರಾಂ ಪಿಷ್ಟ, 40ರಿಂದ 50 ಗ್ರಾಂ ಸಕ್ಕರೆ ಹೋದರೆ ತಟ್ಟೆಯಲ್ಲಿ 100 ಗ್ರಾಂ ದಾಟಿತು. ಒಂದು ಬಟ್ಟಲು ಅನ್ನಕ್ಕಿಂತ ಎರಡೂವರೆ ಪಟ್ಟು! ಅದನ್ನು ಎರಡು ತುಂಡು ರುಚಿ ನೋಡಿ, ಊಟದ ತ್ಸಾಯ್ ಆಗಿ ಹಬೆಯಲ್ಲಿ ಬೆಂದ ಮೀನು, ಮಾಪೋ ತೋಫು, ಬೆಳ್ಳುಳ್ಳಿ ಹಾಕಿ ಹುರಿದ ಸೊಪ್ಪು ತೆಗೆದುಕೊಳ್ಳಿ. ಹೊಯ್ಸಿನ್ ಸಾಸ್ ಒಂದು ಟೇಬಲ್ ಚಮಚಕ್ಕೆ 7 ಗ್ರಾಂ ಕಾರ್ಬ್. ಸೋಯಾ ಸಾಸ್‌ನಲ್ಲಿ ಕಾರ್ಬ್ ಲೆಕ್ಕಕ್ಕಿಲ್ಲ, ಉಪ್ಪಿದೆ: ಒಂದು ಟೇಬಲ್ ಚಮಚದಲ್ಲಿ ಸುಮಾರು 900 ಮಿಲಿಗ್ರಾಂ ಸೋಡಿಯಂ. ಮಧುಮೇಹದ ಜೊತೆ ರಕ್ತದೊತ್ತಡವೂ ಇದ್ದರೆ ಇದು ಸಣ್ಣ ಮಾತಲ್ಲ.

ಹಾಂಗ್‌ಶಾವ್ ರೌ, ಕೆಂಪಗೆ ಬೇಯಿಸಿದ ಹಂದಿಮಾಂಸ, ಬಿಡಬೇಕಾಗಿಲ್ಲ. ಶಾಂಘೈ ಕಡೆಯ ಕ್ರಮದಲ್ಲಿ 500 ಗ್ರಾಂ ಮಾಂಸಕ್ಕೆ 30ರಿಂದ 40 ಗ್ರಾಂ ಕಲ್ಲುಸಕ್ಕರೆ ಬೀಳುತ್ತದೆ. 10 ಗ್ರಾಂ ಸಾಕು, ಅದು ಬಣ್ಣಕ್ಕೆ ಮತ್ತು ಪರಿಮಳಕ್ಕೆ. ಒಂದು ಚಮಚ ಎಣ್ಣೆಯಲ್ಲಿ ಸಣ್ಣ ಉರಿಯಲ್ಲಿ ಸಕ್ಕರೆ ಕರಗಿಸಿ, ಜೇನಿನ ಬಣ್ಣ ಬಂದ ಕ್ಷಣಕ್ಕೆ ಮಾಂಸ ಹಾಕಿ. ಇಷ್ಟು ಕಡಿಮೆ ಸಕ್ಕರೆ ಬೇಗ ಕರಕಲಾಗುತ್ತದೆ, ಕಣ್ಣು ತಪ್ಪಿದರೆ ಇಡೀ ಪಾತ್ರೆ ಕಹಿ. ಮಿಕ್ಕ ಬಣ್ಣ ಕಪ್ಪು ಸೋಯಾ ಸಾಸ್‌ನಿಂದ, ಆಳ ಚಕ್ರಮೊಗ್ಗು, ಚಕ್ಕೆ, ಶಾವೊಶಿಂಗ್ ವೈನ್‌ನಿಂದ. ಮುಚ್ಚಳ ತೆಗೆದು ಕೊನೆಯ 15 ನಿಮಿಷ ರಸ ಇಂಗಿಸಿದರೆ ಚರ್ಮದ ಜೆಲಟಿನ್‌ನಿಂದಲೇ ಅದು ಅಂಟಂಟಾಗಿ ಹೊಳೆಯುತ್ತದೆ, ಪಿಷ್ಟ ಬೇಕಿಲ್ಲ.

ಕೊನೆಗೆ ಬರುವ ಫಾನ್

ಚೀನಾದ ಔತಣಕೂಟದಲ್ಲಿ ತಣ್ಣನೆಯ ತಟ್ಟೆಗಳು ಮೊದಲು, ಆಮೇಲೆ ಬಿಸಿ ತ್ಸಾಯ್, ಮೀನು, ಕೊನೆಯಲ್ಲಿ ಅನ್ನವೋ ನೂಡಲ್ಸೋ. ರಕ್ತದ ಸಕ್ಕರೆಗೆ ಇದಕ್ಕಿಂತ ಒಳ್ಳೆಯ ಕ್ರಮ ಇಲ್ಲ. ತರಕಾರಿ, ಪ್ರೋಟೀನ್ ಮೊದಲು ಹೋದರೆ ಹೊಟ್ಟೆ ಖಾಲಿಯಾಗುವ ವೇಗ ತಗ್ಗುತ್ತದೆ, ಇನ್ಸುಲಿನ್ ಹೊರಬರಲು ನೆರವಾಗುವ ಜಿಎಲ್‌ಪಿ-1 ಹಾರ್ಮೋನು ಮುಂಚೆಯೇ ಬಿಡುಗಡೆಯಾಗುತ್ತದೆ. ಅಷ್ಟೇ ಅನ್ನ ತಿಂದರೂ ಏರುವ ಶಿಖರ ತಗ್ಗು. ಮನೆಯ ಊಟದಲ್ಲಿ ಮಾತ್ರ ಬಟ್ಟಲು ಮೊದಲೇ ಕೈಗೆ ಬರುತ್ತದೆ, ಒಂದು ತುತ್ತು ತ್ಸಾಯ್‌ಗೆ ಎರಡು ತುತ್ತು ಅನ್ನ. ಬಟ್ಟಲನ್ನು ಹತ್ತು ನಿಮಿಷ ಅಡುಗೆಮನೆಯಲ್ಲೇ ಬಿಡಿ. ತ್ಸಾಯ್ ಬರಿದೇ ತಿನ್ನುವಾಗ ಉಪ್ಪು ಎದ್ದು ಕಾಣುತ್ತದೆ, ಆದ್ದರಿಂದ ಉಪ್ಪನ್ನೂ ಇಳಿಸಬೇಕಾಗುತ್ತದೆ.

ಊಟಕ್ಕೆ ಮುಂಚೆ ಕ್ಷಿಪ್ರ ಇನ್ಸುಲಿನ್ ಚುಚ್ಚಿಕೊಳ್ಳುವವರಿಗೆ ಮಾತ್ರ ಇದೇ ಕ್ರಮ ಅಪಾಯ ತರಬಹುದು. ಔತಣದಲ್ಲಿ ಕೂತ ಕೂಡಲೇ ಪೂರ್ತಿ ಡೋಸ್ ಹಾಕಿಕೊಂಡರೆ, ಅನ್ನ ಬರಲು ಒಂದು ಗಂಟೆ ಆದರೆ, ಇನ್ಸುಲಿನ್ ಮುಂದೆ ಓಡುತ್ತದೆ, ಸಕ್ಕರೆ ಕುಸಿಯುತ್ತದೆ. ಡೋಸ್ ಯಾವಾಗ, ಒಡೆದು ಹಾಕಿಕೊಳ್ಳಬಹುದೇ ಎಂದು ವೈದ್ಯರೊಂದಿಗೆ ಮುಂಚೆಯೇ ಮಾತಾಡಿ. ಗಾಜಿನ ಸಣ್ಣ ಲೋಟದಲ್ಲಿ ಬೈಜಿಯೂ ಎಂಬ ಕಟು ಮದ್ಯ ಸುತ್ತು ಬರುತ್ತಿದ್ದರೆ ಇನ್ನೂ ಜಾಗ್ರತೆ: ಮದ್ಯ ಯಕೃತ್ತು ಗ್ಲುಕೋಸ್ ತಯಾರಿಸುವುದನ್ನು ತಡೆಯುತ್ತದೆ, ಇನ್ಸುಲಿನ್ ಅಥವಾ (ದೇಹದ ಇನ್ಸುಲಿನ್ ಹೆಚ್ಚಿಸುವ) ಸಲ್ಫೊನೈಲ್‌ಯೂರಿಯಾ ಮಾತ್ರೆ ತೆಗೆದುಕೊಳ್ಳುವವರಿಗೆ ನಡುರಾತ್ರಿ ಸಕ್ಕರೆ ಇಳಿಯಬಹುದು. ಅಕ್ಕಿಯ ಹುವಾಂಗ್‌ಜಿಯೂ ಮದ್ಯ ಕೊಳ್ಳುವಾಗ ಬಗೆ ನೋಡಿ: 'ಡ್ರೈ', ಅಂದರೆ ಸಿಹಿ ಕಡಿಮೆಯಿರುವ ಬಗೆಯಲ್ಲಿ ಲೀಟರಿಗೆ 15 ಗ್ರಾಂವರೆಗೆ ಸಕ್ಕರೆ, ಸಿಹಿ ಬಗೆಯಲ್ಲಿ 100 ಗ್ರಾಂ ಮೀರಿ.

ಚೀನಾದಲ್ಲಿ ಬಹಳ ಜನ ತೆಗೆದುಕೊಳ್ಳುವ ಅಕಾರ್ಬೋಸ್ ಮಾತ್ರೆಯ ಬಗ್ಗೆ ಎರಡು ಮಾತು. ಅದು ಕರುಳಿನಲ್ಲಿ ಪಿಷ್ಟವನ್ನೂ ಸಕ್ಕರೆಯನ್ನೂ ಒಡೆಯುವ ಕಿಣ್ವವನ್ನು ತಡೆಯುತ್ತದೆ, ಆದ್ದರಿಂದ ಊಟದ ಮೊದಲ ತುತ್ತಿನ ಜೊತೆಯೇ ಬೇಕು. ಊಟವಾದ ಮೇಲೆ ನುಂಗಿದರೆ ಹೆಚ್ಚು ಪ್ರಯೋಜನವಿಲ್ಲ. ಇದರ ಜೊತೆ ಇನ್ಸುಲಿನ್ ಅಥವಾ ಸಲ್ಫೊನೈಲ್‌ಯೂರಿಯಾ ಇದ್ದು ಸಕ್ಕರೆ 3.9ಕ್ಕಿಂತ ಕೆಳಗೆ ಇಳಿದರೆ ಬಿಸ್ಕತ್ತು, ಮಿಠಾಯಿ, ಸಕ್ಕರೆ ನೀರು ಕೆಲಸ ಮಾಡುವುದು ತಡ, ಏಕೆಂದರೆ ಅವನ್ನು ಒಡೆಯುವ ಕಿಣ್ವವೇ ಕಟ್ಟಿಹೋಗಿದೆ. ಶುದ್ಧ ಗ್ಲುಕೋಸ್ 15 ಗ್ರಾಂ ಜೇಬಿನಲ್ಲಿರಲಿ. 15 ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ.

ನಿನ್ನೆಯ ಅನ್ನದಿಂದ ಮಾಡುವ ಮೊಟ್ಟೆ ಅನ್ನದ ಬಗ್ಗೆ ಕೇಳುವವರು ಬಹಳ. ತಣ್ಣಗಾದ ಅನ್ನದಲ್ಲಿ ಪಿಷ್ಟದ ಒಂದು ಭಾಗ ಮತ್ತೆ ಬಿಗಿಯಾಗಿ ಜೀರ್ಣಕ್ಕೆ ಒಗ್ಗದ ರೂಪ ತಾಳುವುದು ನಿಜ, ಆದರೆ ಲಾಭ ಸಣ್ಣದು. ಪ್ರಮಾಣ ಎಂದಿನಷ್ಟೇ ಇರಲಿ. ಬೆಂದ ಅನ್ನವನ್ನು ಅಗಲವಾಗಿ ಹರಡಿ ಆರಿಸಿ ಒಂದು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ. ಹೊರಗೆ ರಾತ್ರಿಯಿಡೀ ಬಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಬ್ಯಾಕ್ಟೀರಿಯಾ ಬಿಡುವ ವಿಷ ಮತ್ತೆ ಹುರಿದರೂ ಹೋಗುವುದಿಲ್ಲ.

ಹಬ್ಬದ ಅಂಟಕ್ಕಿ, ಮೂನ್‌ಕೇಕ್

ಐದನೇ ಚಾಂದ್ರಮಾಸದ ಐದನೇ ದಿನ ಎಲೆಯಲ್ಲಿ ಸುತ್ತಿ ಬೇಯಿಸಿದ ತ್ಸೋಂಗ್‌ಜಿ, ಚೀನಾದ ಹೊಸವರ್ಷಕ್ಕೆ ನಿಯೆನ್‌ಗಾವ್ ಎಂಬ ಅಕ್ಕಿ ಕೇಕ್, ಅದಾಗಿ ಲಾಂದ್ರಗಳ ಹಬ್ಬಕ್ಕೆ ತಾಂಗ್‌ಯುಆನ್ ಉಂಡೆ. ಎಲ್ಲಕ್ಕೂ ತಳಪಾಯ ಅಂಟಕ್ಕಿ. ಅದರಲ್ಲಿ ಅಮೈಲೋಸ್ ಇಲ್ಲವೆನ್ನುವಷ್ಟು ಕಡಿಮೆ, ಬಹುತೇಕ ಪೂರ್ತಿ ಅಮೈಲೋಪೆಕ್ಟಿನ್. ಕೊಂಬೆಕೊಂಬೆಯಾದ ಆ ಅಣುವನ್ನು ಕಿಣ್ವ ಹಲವು ತುದಿಗಳಿಂದ ಒಮ್ಮೆಗೇ ಕತ್ತರಿಸುತ್ತದೆ. ಅಂಟು ಮೆಕ್ಕೆಜೋಳವೂ ಇದೇ ಜಾತಿ, ಬಣ್ಣದ ಅಂಟಕ್ಕಿಯೂ ಅಷ್ಟೆ. ಹಬ್ಬದ ದಿನ ಫಾನ್ ಬದಲು ಒಂದು ಸಣ್ಣ ಮಾಂಸದ ತ್ಸೋಂಗ್‌ಜಿ, ಬಿಸಿಯಿರುವಾಗ, ಸೊಪ್ಪಿನ ತ್ಸಾಯ್ ತಿಂದಾದ ಮೇಲೆ: ಇದು ಸಾಧ್ಯವಿರುವ ದಾರಿ. ಸಂಜೆ ಬರಿಹೊಟ್ಟೆಯಲ್ಲಿ ಚಹಾ ಜೊತೆ ಸಿಹಿ ತ್ಸೋಂಗ್‌ಜಿ ಬೇಡ.

ಮೂನ್‌ಕೇಕ್ ಎಂಟನೇ ತಿಂಗಳ ಹುಣ್ಣಿಮೆಯದು. ಕ್ಯಾಂಟನ್ ಶೈಲಿಯ, ತಾವರೆ ಬೀಜದ ಹೂರಣ, ಉಪ್ಪು ಮೊಟ್ಟೆಯ ಹಳದಿ ಇರುವ 180 ಗ್ರಾಂನ ಒಂದರಲ್ಲಿ 700ರಿಂದ 800 ಕಿಲೊಕ್ಯಾಲರಿ. ಎಂಟು ಭಾಗ ಮಾಡಿ ಒಂದು ಭಾಗ, ಅಂದರೆ ಸುಮಾರು 10ರಿಂದ 12 ಗ್ರಾಂ ಕಾರ್ಬ್. "ಸಕ್ಕರೆರಹಿತ" ಎಂಬ ಡಬ್ಬಿ ತಂದುಕೊಡುವ ಬಂಧುಗಳ ಪ್ರೀತಿ ದೊಡ್ಡದು, ಆ ಪದ ಮಾತ್ರ ಸಣ್ಣದು: ಚೀನಾದ ಲೇಬಲ್ ನಿಯಮದಲ್ಲಿ ಅದರ ಅರ್ಥ 100 ಗ್ರಾಂಗೆ ಸಕ್ಕರೆ 0.5 ಗ್ರಾಂ ಮೀರಿಲ್ಲ ಎಂದಷ್ಟೇ. ಹಿಟ್ಟು, ಹೂರಣದ ಪಿಷ್ಟ ಹಾಗೇ ಉಳಿದಿರುತ್ತವೆ. ಹಿಂಬದಿಯಲ್ಲಿ ಕಾರ್ಬೊಹೈಡ್ರೇಟ್ ಸಾಲು ಓದಿ. ಅಂಕಿ ಸಾಮಾನ್ಯವಾಗಿ 100 ಗ್ರಾಂಗೆ ಇರುತ್ತದೆ, ಒಂದು ಕೇಕ್‌ಗಲ್ಲ, ಶಕ್ತಿ ಕಿಲೊಜೂಲ್‌ನಲ್ಲಿರುತ್ತದೆ. ಅದೇ ಹಬ್ಬದ ಚಕ್ಕೋತ ಹಣ್ಣು ಕಾರ್ಬ್ ದೃಷ್ಟಿಯಿಂದ ಒಳ್ಳೆಯದು, 100 ಗ್ರಾಂಗೆ 10 ಗ್ರಾಂ ಆಸುಪಾಸು. ಆದರೆ ಸಿಮ್ವಾಸ್ಟಾಟಿನ್‌ನಂಥ ಕೊಲೆಸ್ಟರಾಲ್ ಮಾತ್ರೆ, ಫೆಲೊಡಿಪಿನ್‌ನಂಥ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ತಿನ್ನಬಾರದು. ಹಣ್ಣಿನಲ್ಲಿರುವ ಅಂಶಗಳು ಔಷಧಿಯ ಮಟ್ಟವನ್ನು ರಕ್ತದಲ್ಲಿ ಏರಿಸಬಲ್ಲವು.

ಮೇಜಿನ ಮೇಲೆಯೇ ಕುದಿಯುವ ಸಾರಿನಲ್ಲಿ ಬೇಯಿಸಿಕೊಂಡು ತಿನ್ನುವ ಹಾಟ್‌ಪಾಟ್ ಬಗ್ಗೆ ಒಂದು ಕೊನೆಯ ಮಾತು, ಏಕೆಂದರೆ ಇದು ಎರಡು ಗಂಟೆಯ ಪರೀಕ್ಷೆಯಲ್ಲಿ ಸಿಕ್ಕಿಬೀಳುವುದಿಲ್ಲ. ಸೊಪ್ಪು, ಅಣಬೆ, ತೋಫು, ತೆಳು ಮಾಂಸ, ಕೊಂಜಾಕ್ ಎಂಬ ನಾರಿನ ಲೋಳೆಯ ಗಂಟುಗಳು ಎಷ್ಟಾದರೂ ಸರಿ. ಪಿಷ್ಟ ಇರುವುದು ಮೀನಿನ ಉಂಡೆಗಳಲ್ಲಿ, ಅಗಲ ಗೆಣಸಿನ ಎಳೆಗಳಲ್ಲಿ, ಆಲೂಗಡ್ಡೆ ಬಿಲ್ಲೆಗಳಲ್ಲಿ. ಸಾರಿನ ಮೇಲೆ ತೇಲುವ ಕೊಬ್ಬು ಜೀರ್ಣವನ್ನು ಎಳೆಯುತ್ತದೆ, ಎರಡು ಗಂಟೆಗೆ 8 ಇದ್ದದ್ದು ನಾಲ್ಕು ಗಂಟೆಗೆ 12 ಆಗಬಹುದು. ಹಾಟ್‌ಪಾಟ್ ತಿಂದ ರಾತ್ರಿ ಮೊದಲ ತುತ್ತಿನಿಂದ ಲೆಕ್ಕ ಹಾಕಿ ಎರಡು ಗಂಟೆಗೆ ಒಮ್ಮೆ, ನಾಲ್ಕು ಗಂಟೆಗೆ ಇನ್ನೊಮ್ಮೆ ಬೆರಳು ಚುಚ್ಚಿ. ಪುಸ್ತಕದಲ್ಲಿ ಅಂಕಿಯ ಪಕ್ಕ ಏನೇನು ತಿಂದಿರಿ ಎಂದೂ ಬರೆದಿಡಿ.